ಮನಸ್ಸಿನ ನೋವು, ದಿನನಿತ್ಯದ ಸಂತೋಷ ಮತ್ತು ಮೈಂಡ್‌ಫುಲ್‌ನೆಸ್: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ನಡೆಸುವ ಸಣ್ಣ ಅಭ್ಯಾಸ ಗುಂಪಿಗೆ ಬರುವವರಲ್ಲಿ ಹೆಚ್ಚಿನವರು ಯಾವುದೋ ಒಂದು ನೋವಿನಿಂದಾಗಿ ಬಂದವರು. ಸಾವು, ಮುರಿದ ಮದುವೆ, ಕೈತಪ್ಪಿದ ಕೆಲಸ, ಹೆಸರಿಡಲಾಗದ ಬೇಸರ, ಹೀಗೆ. ಅವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ನನಗೆ ತಿಳಿದ ಮಟ್ಟಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಮೈಂಡ್‌ಫುಲ್‌ನೆಸ್ ಎಂದರೆ ಏನು ಮಾಡುವುದು? ಕಣ್ಣು ಮುಚ್ಚಿ ಕೂರುವುದೇ?

ಈ ಹೊತ್ತಿನಲ್ಲಿ ಮೈಯಲ್ಲಿ, ಮನಸ್ಸಿನಲ್ಲಿ, ಸುತ್ತಮುತ್ತ ಏನು ನಡೆಯುತ್ತಿದೆ ಎಂಬುದನ್ನು ಬೇಕೆಂದೇ ಗಮನಿಸುವುದು, ಗಮನಿಸಿದ್ದರ ಮೇಲೆ ಕೂಡಲೇ ತೀರ್ಪು ಕೊಡದಿರುವುದು. ಕಣ್ಣು ಮುಚ್ಚಿ ಕೂರುವುದು ಅದಕ್ಕಿರುವ ಹಲವು ದಾರಿಗಳಲ್ಲಿ ಒಂದು. ನಡೆಯುತ್ತಾ ಮಾಡಬಹುದು, ಮಲಗಿಕೊಂಡು ಮಾಡಬಹುದು, ಅಕ್ಕಿ ಆರಿಸುತ್ತಾ ಮಾಡಬಹುದು.

ನಾದಿನಿ ಫೋನಿನಲ್ಲಿ ಚುಚ್ಚುವ ಮಾತೊಂದನ್ನು ಆಡಿದಳು ಎಂದುಕೊಳ್ಳಿ. ಫೋನ್ ಇಟ್ಟ ಮೇಲೂ ಆ ಮಾತು ತಲೆಯಲ್ಲಿ ಸುತ್ತುತ್ತಲೇ ಇರುತ್ತದೆ. ಹೀಗೆ ಹೇಳಬೇಕಿತ್ತು, ಹಾಗೆ ಕೇಳಬೇಕಿತ್ತು ಎಂದು ಮನಸ್ಸಿನೊಳಗೇ ಜಗಳ ಮುಂದುವರಿಯುತ್ತದೆ. ಸಂಜೆ ಆ ಸಿಟ್ಟು ಮಕ್ಕಳ ಮೇಲೆ ಹೋಗುತ್ತದೆ. ಅಭ್ಯಾಸ ಇದ್ದವರಿಗೆ ನಡುವೆ ಒಂದು ಕಡೆ ತಿಳಿಯುತ್ತದೆ: ದವಡೆ ಬಿಗಿದಿದೆ, ಎದೆ ಬಿಸಿಯಾಗಿದೆ, ನಾನು ಅದೇ ಜಗಳವನ್ನು ಮತ್ತೆ ಮತ್ತೆ ಆಡುತ್ತಿದ್ದೇನೆ. ಮಾತು ಮರೆತುಹೋಗುವುದಿಲ್ಲ, ನಾದಿನಿ ಬದಲಾಗುವುದೂ ಇಲ್ಲ. ಆದರೆ ಮಗು ಹೋಂವರ್ಕ್ ಪುಸ್ತಕ ಹಿಡಿದು ಬಂದಾಗ, ಅದರ ಮೇಲೆ ರೇಗಬೇಕೋ ಬೇಡವೋ ಎಂಬ ಆಯ್ಕೆ ನಿಮ್ಮ ಕೈಯಲ್ಲಿರುತ್ತದೆ.

ಇದು ಬೌದ್ಧರದ್ದಲ್ಲವೇ? ನಮ್ಮ ಮನೆಯ ಆಚರಣೆಗೆ ಅಡ್ಡಿಯಾಗುವುದಿಲ್ಲವೇ?

ಬೇರು ಬೌದ್ಧ ಪರಂಪರೆಯದು, ಅದನ್ನು ಮರೆಮಾಚಬಾರದು. ಉಸಿರಿನ ಮೇಲೆ ಗಮನವಿಡುವ ಆನಾಪಾನಸತಿಯೂ, ಮೈ, ಸಂವೇದನೆ, ಚಿತ್ತಗಳನ್ನು ಗಮನಿಸುವ ಸತಿಪಟ್ಠಾನವೂ ಪಾಲಿ ಭಾಷೆಯ ಬೌದ್ಧ ಗ್ರಂಥಗಳಾದ ಸುತ್ತಗಳಲ್ಲಿ ವಿವರವಾಗಿ ಬಂದಿವೆ. ಅದನ್ನು ಆಸ್ಪತ್ರೆಗೆ ತಂದವರು ಅಮೆರಿಕದ ಜಾನ್ ಕಬಾಟ್ ಜಿನ್. ಆಣ್ವಿಕ ಜೀವವಿಜ್ಞಾನ ಓದಿದ್ದ ಅವರು 1979ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ, ಔಷಧದಿಂದ ಪೂರ್ತಿ ವಾಸಿಯಾಗದ ದೀರ್ಘಕಾಲದ ನೋವಿನ ರೋಗಿಗಳಿಗಾಗಿ ಮುಂದೆ ಎಂಟು ವಾರಗಳದ್ದಾದ ತರಗತಿಯನ್ನು ಆರಂಭಿಸಿದರು. ಅದರಲ್ಲಿ ಮಂತ್ರವಿಲ್ಲ, ಪೂಜೆಯಿಲ್ಲ, ಯಾವ ನಂಬಿಕೆಯ ಷರತ್ತೂ ಇಲ್ಲ. ನಮ್ಮ ಗುಂಪಿನಲ್ಲಿ ಇಷ್ಟಲಿಂಗ ಕಟ್ಟಿದವರೂ ನಮಾಜು ಮಾಡುವವರೂ ಚರ್ಚಿಗೆ ಹೋಗುವವರೂ ಪಕ್ಕಪಕ್ಕದಲ್ಲೇ ಕೂರುತ್ತಾರೆ.

ಇದರಿಂದ ನನ್ನ ನೋವು ಹೋಗುತ್ತದೆಯೇ?

ನೋವು ಹೋಗಲಿ ಎಂದು ಹಟ ಹಿಡಿದು ಕುಳಿತರೆ ಹೋಗುವುದಿಲ್ಲ. ಇದು ಎಲ್ಲರಿಗೂ ಮೊದಲಿಗೆ ನಿರಾಸೆ ತರುವ ಉತ್ತರ. ಆದರೂ ಇದನ್ನೇ ಮೊದಲು ಹೇಳುತ್ತೇನೆ.

ದುಃಖ, ಅವಮಾನ, ಭಯ ಬಂದಾಗ ನಾವು ಸಾಮಾನ್ಯವಾಗಿ ಎರಡರಲ್ಲಿ ಒಂದನ್ನು ಮಾಡುತ್ತೇವೆ. ಒಂದೋ ಅದನ್ನು ಒಳಗೆ ತಳ್ಳಿ ಮೊಬೈಲ್, ಟಿ.ವಿ., ಕೆಲಸದಲ್ಲಿ ಮುಳುಗುತ್ತೇವೆ; ಇಲ್ಲವೇ ಅದರ ಕಥೆಯನ್ನೇ ದಿನವಿಡೀ ನೆನೆದು ನೆನೆದು ಇನ್ನಷ್ಟು ಕುದಿಯುತ್ತೇವೆ. ಮೂರನೆಯದೊಂದು ದಾರಿ ಇದೆ: ಆ ಭಾವನೆ ಮೈಯಲ್ಲಿ ಎಲ್ಲಿದೆ, ಹೇಗಿದೆ, ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ಅದರ ಜೊತೆಗೆ ಸ್ವಲ್ಪ ಹೊತ್ತು ಇರುವುದು. ಹಾಗೆ ಇದ್ದಾಗ ಅದು ಒಂದೇ ಸಮನೆ ಇರುವುದಿಲ್ಲ, ಬದಲಾಗುತ್ತಿರುತ್ತದೆ ಎಂಬುದು ಅನುಭವಕ್ಕೆ ಬರುತ್ತದೆ. ನನಗೆ ಕಂಡಂತೆ ವಾಸಿಯಾಗುವುದು ಶುರುವಾಗುವುದೇ ಅಲ್ಲಿಂದ. ನೋವಿನ ಭಯ ಕಡಿಮೆಯಾದ ಮೇಲೆ ನೋವಿನ ಭಾರವೂ ತಗ್ಗುತ್ತದೆ.

ಭಾವನೆಗೆ ಹೆಸರು ಹೇಳುವುದೂ ಸಹಾಯ ಮಾಡುತ್ತದೆ. ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮ್ಯಾಥ್ಯೂ ಲೀಬರ್ಮನ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಿಟ್ಟು ಅಥವಾ ಭಯ ತುಂಬಿದ ಮುಖಗಳ ಚಿತ್ರ ನೋಡಿದವರು ಆ ಭಾವನೆಯನ್ನು ಮಾತಿನಲ್ಲಿ ಗುರುತಿಸಿದಾಗ ಭಯದಂಥ ಭಾವನೆಗಳಿಗೆ ಸ್ಪಂದಿಸುವ, ಮೆದುಳಿನ ಅಮಿಗ್ಡಲಾ ಎಂಬ ಭಾಗದ ಚಟುವಟಿಕೆ ತಗ್ಗಿದ್ದು ಕಂಡಿತು. ಹಾಗಾಗಿ ಬರೀ ‘ಬೇಜಾರು’ ಎಂದು ಬಿಟ್ಟುಬಿಡಬೇಡಿ. ಅದು ಕಳವಳವೋ, ಅವಮಾನವೋ, ಹೊಟ್ಟೆಕಿಚ್ಚೋ, ಒಂಟಿತನವೋ ಎಂದು ಒಂದು ಹೆಜ್ಜೆ ಮುಂದೆ ಹೋಗಿ ನೋಡಿ.

ಕೂತ ಕೂಡಲೇ ತಲೆ ತುಂಬ ಯೋಚನೆ. ನನ್ನಿಂದ ಇದು ಆಗುವುದಿಲ್ಲವೇನೋ?

ಎಲ್ಲರಿಗೂ ಹಾಗೆಯೇ ಆಗುತ್ತದೆ. ಯೋಚನೆ ನಿಲ್ಲಿಸುವುದು ಇಲ್ಲಿನ ಗುರಿಯಲ್ಲ. ಗ್ಯಾಸ್ ಬುಕ್ ಮಾಡಿದೆನೇ, ಮಗಳ ಫೀಸ್ ಕಟ್ಟಲು ಕೊನೆಯ ದಿನ ಯಾವಾಗ ಎಂದು ಮನಸ್ಸು ಹೋಗುತ್ತದೆ. ಹೋಯಿತು ಎಂದು ನಿಮಗೆ ಗೊತ್ತಾಗುತ್ತದೆ. ಅಂಗಳದಾಚೆ ಓಡಿದ ಮಗುವನ್ನು ಗದರದೆ ಕೈಹಿಡಿದು ಕರೆತರುವ ಹಾಗೆ ಉಸಿರಿಗೆ ಮರಳಿ ಕರೆತರುತ್ತೀರಿ. ಹತ್ತು ನಿಮಿಷದಲ್ಲಿ ನೂರು ಸಲ ಹೋದರೆ ನೂರು ಸಲ ಕರೆತನ್ನಿ. ‘ಹೋಯಿತು’ ಎಂದು ತಿಳಿದ ಆ ಗಳಿಗೆಯೇ ಅಭ್ಯಾಸದ ತಿರುಳು.

ಆಪ್ತರು ತೀರಿಕೊಂಡಿದ್ದಾರೆ. ಇಂಥ ಹೊತ್ತಿನಲ್ಲಿ ಇದನ್ನು ಮಾಡಬಹುದೇ?

ಮಾಡಬಹುದು, ನಿಧಾನವಾಗಿ. ಸಾವಾದ ಮೊದಲ ದಿನಗಳಲ್ಲಿ ಯಾರಿಗೂ ಅಭ್ಯಾಸ ಹೇಳಿಕೊಡಲು ನಾನು ಹೋಗುವುದಿಲ್ಲ. ಆಗ ಬೇಕಾಗಿರುವುದು ಊಟ, ನಿದ್ರೆ, ಜೊತೆಗೆ ಕೂರುವ ಜನ. ನಮ್ಮ ಕಡೆ ಹದಿಮೂರು ದಿನಗಳ ವಿಧಿಗಳು, ಬಂದುಹೋಗುವ ನೆಂಟರು ಆ ಕೆಲಸವನ್ನು ಬಹಳ ಚೆನ್ನಾಗಿ ಮಾಡುತ್ತಾರೆ. ಕಷ್ಟ ಶುರುವಾಗುವುದು ವೈಕುಂಠ ಸಮಾರಾಧನೆ ಮುಗಿದು, ಬಾಡಿಗೆಗೆ ತಂದ ಪಾತ್ರೆಗಳು ವಾಪಸಾಗಿ, ಎಲ್ಲರೂ ಬಸ್ಸು ಹತ್ತಿದ ಮೇಲೆ.

ನಮ್ಮ ಗುಂಪಿಗೆ ಬರುತ್ತಿದ್ದ ಒಬ್ಬರು ಪತಿಯನ್ನು ಕಳೆದುಕೊಂಡಿದ್ದರು. ಮಂಚದ ಪಕ್ಕದ ಡ್ರಾಯರ್ ಒಂದನ್ನು ಅವರಿಂದ ತೆರೆಯಲಾಗುತ್ತಿರಲಿಲ್ಲ. ಅದರಲ್ಲಿ ಪತಿಯ ಕನ್ನಡಕ, ನಾಲ್ಕು ಮಾತ್ರೆ ಉಳಿದಿದ್ದ ಬಿ.ಪಿ. ಮಾತ್ರೆಯ ಪಟ್ಟಿ, ಪೆಟ್ರೋಲ್ ಬಂಕಿನ ರಸೀದಿಗಳು ಇದ್ದವು. ಕೋಣೆ ಗುಡಿಸುವಾಗಲೂ ಆ ಮೂಲೆಗೆ ಹೋಗುತ್ತಿರಲಿಲ್ಲ. ತೆರೆದುಬಿಡಿ ಎಂದು ಯಾರೂ ಅವರನ್ನು ಒತ್ತಾಯಿಸಲಿಲ್ಲ. ಮೊದಲು ಡ್ರಾಯರಿನ ಎದುರು ನಿಂತು ಪಾದಗಳು ನೆಲಕ್ಕೆ ತಾಗುವುದನ್ನು ಗಮನಿಸುವುದು, ಕೆಲವು ಉಸಿರು, ಅಷ್ಟಕ್ಕೆ ಸಾಕು. ಇನ್ನೊಂದು ದಿನ ಹಿಡಿಯ ಮೇಲೆ ಕೈ ಇಟ್ಟರು. ಗಂಟಲು ಕಟ್ಟಿತು, ಹೊಟ್ಟೆ ಹಿಂಡಿತು, ಕಿವಿಯ ಹತ್ತಿರ ಬಿಸಿಯಾಯಿತು. ಅದನ್ನೆಲ್ಲ ಅವರು ಹೇಳುತ್ತಾ ಹೋದರು. ತೆರೆದ ದಿನ ಬಹಳ ಹೊತ್ತು ಅತ್ತರು. ಮಾತ್ರೆಯ ಪಟ್ಟಿಯನ್ನು ಎಸೆದರು, ಕನ್ನಡಕವನ್ನು ಒರೆಸಿ ಅಲ್ಲೇ ಇಟ್ಟರು. ಆ ರಾತ್ರಿ ತಿಳಿಸಾರಿಗೆ ಉಪ್ಪು ಕಡಿಮೆಯಾಗಿದ್ದು ಗೊತ್ತಾಯಿತಂತೆ. ಅಷ್ಟು ದಿನ ಊಟದ ರುಚಿಯೇ ತಿಳಿಯುತ್ತಿರಲಿಲ್ಲ ಎಂದರು.

ಆ ಕೊನೆಯ ಮಾತನ್ನು ನಾನು ಎಲ್ಲರಿಗೂ ಹೇಳುತ್ತೇನೆ. ದುಃಖಕ್ಕೆ ಬಾಗಿಲು ಹಾಕಿಕೊಂಡರೆ ಸಂತೋಷವೂ ಹೊರಗೇ ಉಳಿಯುತ್ತದೆ. ಇಬ್ಬರೂ ಬರುವುದು ಒಂದೇ ಬಾಗಿಲಿನಿಂದ.

ಆರು ತಿಂಗಳು, ವರ್ಷ ಕಳೆದರೂ ಎದ್ದು ಸ್ನಾನ ಮಾಡುವುದೇ ಕಷ್ಟವಾಗಿದ್ದರೆ, ತಾನೂ ಹೋಗಿಬಿಡಬೇಕು ಎಂಬ ಯೋಚನೆ ಬರುತ್ತಿದ್ದರೆ, ಅದು ಮನೋವೈದ್ಯರ ಬಳಿ ಹೋಗಬೇಕಾದ ಸ್ಥಿತಿ. ಸಾಯುವ ಯೋಚನೆ ಬಂದರೆ ಒಂದು ದಿನವೂ ಕಾಯಬೇಡಿ.

ಎಲ್ಲವನ್ನೂ ಒಪ್ಪಿಕೊಂಡು ಸಹಿಸಿಕೊಳ್ಳಬೇಕು ಎನ್ನುವುದೇ ಇದರ ಅರ್ಥವೇ?

ಖಂಡಿತ ಅಲ್ಲ. ಈ ಪ್ರಶ್ನೆ ಕೇಳುವವರು ಹೆಚ್ಚಾಗಿ ಹೆಂಗಸರು, ಮತ್ತು ಅವರು ಕೇಳುವುದಕ್ಕೆ ಕಾರಣವಿದೆ. ತವರಿನಲ್ಲಿ, ಅತ್ತೆಮನೆಯಲ್ಲಿ ‘ಹೊಂದಿಕೊಂಡು ಹೋಗಮ್ಮಾ’ ಎಂಬ ಮಾತನ್ನು ಕೇಳಿ ಕೇಳಿ ಬೆಳೆದವರಿಗೆ ‘ಇರುವುದನ್ನು ಇದ್ದಂತೆ ಒಪ್ಪಿಕೊಳ್ಳಿ’ ಎಂದರೆ ಮತ್ತದೇ ಉಪದೇಶ ಎನಿಸುವುದು ಸಹಜ.

ಒಪ್ಪಿಕೊಳ್ಳುವುದು ಎಂದರೆ ‘ಈಗ ನನಗೆ ಭಯವಾಗುತ್ತಿದೆ’, ‘ಈ ಮಾತು ನನ್ನನ್ನು ನೋಯಿಸಿತು’ ಎಂಬ ಸತ್ಯವನ್ನು ಒಪ್ಪಿಕೊಳ್ಳುವುದು. ಎದುರಿನವರ ನಡತೆಗೆ ಒಪ್ಪಿಗೆ ಕೊಡುವುದಲ್ಲ. ಸಹಿಸಿಕೊಳ್ಳುವವರು ತಮ್ಮ ನೋವನ್ನು ತಾವೇ ಕಾಣದಂತೆ ಮಾಡಿಕೊಳ್ಳುತ್ತಾರೆ. ಗಮನಿಸುವವರಿಗೆ ಅದು ಸ್ಪಷ್ಟವಾಗಿ ಕಾಣುತ್ತದೆ, ಕಂಡ ಮೇಲೆ ‘ಸಾಕು’ ಎನ್ನುವ ಧೈರ್ಯವೂ ಬರುತ್ತದೆ. ಅಣ್ಣತಮ್ಮಂದಿರ ಎದುರು ಆಸ್ತಿಯಲ್ಲಿ ತನ್ನ ಪಾಲು ಕೇಳಲು ವರ್ಷಗಟ್ಟಲೆ ಅಂಜಿದ್ದ ಒಬ್ಬರು, ಆ ಅಂಜಿಕೆ ಮೈಯಲ್ಲಿ ಹೇಗೆ ಏಳುತ್ತದೆ ಎಂದು ಗಮನಿಸಿ ಗಮನಿಸಿ, ಕೊನೆಗೆ ಅಂಜಿಕೆ ಇದ್ದಂತೆಯೇ ಬಾಯಿಬಿಟ್ಟು ಕೇಳಿದರು.

ಮನೆಯಲ್ಲಿ ಹೊಡೆತ ತಿನ್ನುತ್ತಿರುವವರಿಗೆ ಬೇಕಾದದ್ದು ಧ್ಯಾನವಲ್ಲ, ರಕ್ಷಣೆ. ಮಹಿಳಾ ಸಹಾಯವಾಣಿ 181, ತುರ್ತು ಸಹಾಯಕ್ಕೆ 112. ಹಾಗೆಯೇ, ನೌಕರರನ್ನು ರಾತ್ರಿ ಹನ್ನೊಂದರವರೆಗೆ ದುಡಿಸಿ ತಿಂಗಳಿಗೊಮ್ಮೆ ಒಂದು ಗಂಟೆ ಮೈಂಡ್‌ಫುಲ್‌ನೆಸ್ ತರಗತಿ ಇಡುವ ಕಂಪನಿ ಮೊದಲು ಕೆಲಸದ ವೇಳೆಯನ್ನು ಸರಿಪಡಿಸಬೇಕು. ಅನ್ಯಾಯವನ್ನು ಉಸಿರಾಟದಿಂದ ಗುಣಪಡಿಸಲು ಬರುವುದಿಲ್ಲ.

ವಿಜ್ಞಾನ ಏನು ಹೇಳುತ್ತದೆ? ನಿಜವಾಗಿಯೂ ಕೆಲಸ ಮಾಡುತ್ತದೆಯೇ?

ಮಾಡುತ್ತದೆ, ಆದರೆ ಜಾಹೀರಾತುಗಳು ಹೇಳುವಷ್ಟಲ್ಲ. 2014ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ 47 ಪ್ರಯೋಗಗಳ, ಒಟ್ಟು 3,515 ಜನರ ಫಲಿತಾಂಶಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆ ಬಂತು. ಆತಂಕ, ಖಿನ್ನತೆ ಮತ್ತು ನೋವು ಈ ಮೂರರಲ್ಲಿ ಮಿತವಾದ ಸುಧಾರಣೆ ಇದೆ ಎಂದು ಅದು ಹೇಳಿತು. ವ್ಯಾಯಾಮ, ಔಷಧ ಅಥವಾ ಬೇರೆ ಚಿಕಿತ್ಸೆಗಳಿಗಿಂತ ಧ್ಯಾನ ಮೇಲು ಎನ್ನಲು ಆಧಾರ ಸಿಗಲಿಲ್ಲ ಎಂದೂ ಹೇಳಿತು. 2022ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗ ಆತಂಕದ ಕಾಯಿಲೆಯಿದ್ದ 276 ವಯಸ್ಕರದ್ದು. ಕೆಲವರಿಗೆ ಎಂಟು ವಾರಗಳ ತರಗತಿ, ಉಳಿದವರಿಗೆ ಎಸಿಟಾಲೊಪ್ರಾಮ್ ಎಂಬ ಮಾತ್ರೆ. ತರಗತಿಗೆ ಬಂದವರ ಸುಧಾರಣೆ ಮಾತ್ರೆ ತೆಗೆದುಕೊಂಡವರಿಗಿಂತ ಕಡಿಮೆಯೇನೂ ಇರಲಿಲ್ಲ.

ಮತ್ತೆ ಮತ್ತೆ ಮರುಕಳಿಸುವ ಖಿನ್ನತೆಗಾಗಿಯೇ ಜಿಂಡೆಲ್ ಸೀಗಲ್, ಮಾರ್ಕ್ ವಿಲಿಯಮ್ಸ್, ಜಾನ್ ಟೀಸ್‌ಡೇಲ್ ಎಂಬ ಮೂವರು ಮನೋವಿಜ್ಞಾನಿಗಳು ಮೈಂಡ್‌ಫುಲ್‌ನೆಸ್ ಆಧರಿಸಿದ ಬೇರೆಯೇ ಒಂದು ಕ್ರಮ ರೂಪಿಸಿದರು. ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿಯಲ್ಲಿ 2004ರಿಂದಲೂ ಅದಕ್ಕೆ ಜಾಗವಿದೆ. ನನಗೆ ಬಹಳ ಭರವಸೆ ಕೊಡುವ ಸಂಗತಿ ಇದು, ಏಕೆಂದರೆ ಖಿನ್ನತೆ ಮರಳಿ ಬಂದೀತು ಎಂಬ ಭಯದಲ್ಲೇ ಬದುಕುವವರನ್ನು ಹತ್ತಿರದಿಂದ ನೋಡಿದ್ದೇನೆ.

ಹಾಗಾದರೆ ಮಾತ್ರೆ ನಿಲ್ಲಿಸಬಹುದೇ?

ನೀವಾಗಿಯೇ ನಿಲ್ಲಿಸಬೇಡಿ. 2015ರಲ್ಲಿ ಬ್ರಿಟನ್ನಿನಲ್ಲಿ 424 ಜನರ ಮೇಲೆ ನಡೆದ ಪ್ರಯೋಗದ ಫಲಿತಾಂಶ ಬಂದಾಗ ಹಲವರು ಅದನ್ನು ತಪ್ಪಾಗಿ ಓದಿದರು. ಅಲ್ಲಿ ಆ ಮೂವರ ಕ್ರಮದ ತರಗತಿ ಸೇರಿದವರು ವೈದ್ಯರ ನಿಗಾದಲ್ಲಿ ಹಂತಹಂತವಾಗಿ ಮಾತ್ರೆ ಕಡಿಮೆ ಮಾಡಿದ್ದರು. ಎರಡು ವರ್ಷಗಳಲ್ಲಿ ಅವರಲ್ಲಿ ಶೇ. 44 ಮಂದಿಗೆ, ಮಾತ್ರೆ ಮುಂದುವರಿಸಿದವರಲ್ಲಿ ಶೇ. 47 ಮಂದಿಗೆ ಖಿನ್ನತೆ ಮರುಕಳಿಸಿತು. ಅಂದರೆ ಎರಡೂ ಹೆಚ್ಚುಕಡಿಮೆ ಸಮ. ನಿಮ್ಮ ವೈದ್ಯರೊಡನೆ ಮಾತಾಡಿ, ಅವರು ಹೇಳಿದ ವೇಗದಲ್ಲೇ ಹೋಗಿ.

ನನಗೆ ಹತ್ತು ನಿಮಿಷವೂ ಬಿಡುವಿಲ್ಲ. ಏನು ಮಾಡಲಿ?

ಮೂರು ನಿಮಿಷದ ಒಂದು ಕ್ರಮ ಇದೆ. ಮೊದಲ ನಿಮಿಷ ‘ಈಗ ಒಳಗೆ ಏನಿದೆ?’ ಎಂದು ಕೇಳಿಕೊಳ್ಳಿ: ಯೋಚನೆ, ಭಾವನೆ, ಮೈಯ ಸ್ಥಿತಿ. ಎರಡನೆಯ ನಿಮಿಷ ಹೊಟ್ಟೆಯ ಬಳಿ ಉಸಿರು ಏರಿ ಇಳಿಯುವುದನ್ನು ಮಾತ್ರ ಗಮನಿಸಿ. ಮೂರನೆಯ ನಿಮಿಷ ಆ ಗಮನವನ್ನು ಇಡೀ ಮೈಗೆ, ಮುಖಕ್ಕೆ, ಭುಜಗಳಿಗೆ ಹರಡಿ. ಕಚೇರಿಯ ಕುರ್ಚಿಯಲ್ಲಿ, ಬಸ್ ನಿಲ್ದಾಣದಲ್ಲಿ, ಕುಕ್ಕರ್ ಕೂಗುವುದನ್ನು ಕಾಯುವಾಗ ಮಾಡಬಹುದು.

ಅಡುಗೆಮನೆಯಲ್ಲಿ ಇನ್ನೂ ಸುಲಭ. ಒಗ್ಗರಣೆಗೆ ಎಣ್ಣೆ ಕಾಯುವಾಗ ಅದರ ಮೇಲ್ಮೈ ಸಣ್ಣಗೆ ನಡುಗುತ್ತದೆ. ಸಾಸಿವೆ ಮೊದಲು ಒಂದೆರಡು, ಆಮೇಲೆ ಒಟ್ಟಿಗೆ ಸಿಡಿಯುತ್ತದೆ. ಕರಿಬೇವು ಬಿದ್ದೊಡನೆ ಘಮ ಬದಲಾಗುತ್ತದೆ. ಇಂಗು ಅದನ್ನು ಮತ್ತೆ ಬದಲಿಸುತ್ತದೆ. ಅಷ್ಟು ಹೊತ್ತು ಮನಸ್ಸು ಬಾಣಲೆಯ ಬಳಿಯೇ ಇದ್ದರೆ ಅದೂ ಅಭ್ಯಾಸವೇ. ದಿನಾ ಮಾಡುವ ಯಾವುದಾದರೂ ಒಂದು ಕೆಲಸವನ್ನು ಆರಿಸಿಕೊಳ್ಳಿ, ಹಲ್ಲುಜ್ಜುವುದಾದರೂ ಸರಿ. ಒಂದು ಸಾಕು.

ದಿನನಿತ್ಯದ ಸಂತೋಷಕ್ಕೂ ಇದಕ್ಕೂ ಏನು ಸಂಬಂಧ?

ಹಾರ್ವರ್ಡ್ ವಿಶ್ವವಿದ್ಯಾಲಯದ ಮ್ಯಾಥ್ಯೂ ಕಿಲ್ಲಿಂಗ್ಸ್‌ವರ್ತ್ ಮತ್ತು ಡೇನಿಯಲ್ ಗಿಲ್ಬರ್ಟ್ 2010ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 2,250 ವಯಸ್ಕರ ಫೋನಿಗೆ ದಿನದ ಯಾವುದೋ ಹೊತ್ತಿನಲ್ಲಿ ಪ್ರಶ್ನೆಗಳು ಬರುತ್ತಿದ್ದವು: ಈಗ ಏನು ಮಾಡುತ್ತಿದ್ದೀರಿ, ಮನಸ್ಸು ಅದರಲ್ಲೇ ಇದೆಯೇ, ಎಷ್ಟು ಸಂತೋಷವಾಗಿದ್ದೀರಿ? ಸುಮಾರು ಶೇ. 47ರಷ್ಟು ಸಲ ಮನಸ್ಸು ಬೇರೆಲ್ಲೋ ಇತ್ತು, ಹಾಗಿದ್ದಾಗ ಸಂತೋಷವೂ ಕಡಿಮೆ ಇತ್ತು. ನನ್ನನ್ನು ತಡೆದು ನಿಲ್ಲಿಸಿದ ಅಂಶ ಇನ್ನೊಂದು: ಮನಸ್ಸು ಹಿತವಾದ ವಿಷಯದ ಕಡೆಗೇ ಅಲೆದಿದ್ದರೂ, ಕೈಯಲ್ಲಿದ್ದ ಕೆಲಸದಲ್ಲೇ ಇದ್ದವರಿಗಿಂತ ಹೆಚ್ಚಿನ ಸಂತೋಷ ಸಿಕ್ಕಿರಲಿಲ್ಲ.

ಎಂಟು ವಾರಗಳ ತರಗತಿಯ ಮೊದಲ ದಿನ ಒಂದು ಒಣದ್ರಾಕ್ಷಿ ಕೊಡುತ್ತಾರೆ. ಅಂಗೈಯಲ್ಲಿಟ್ಟು ನೋಡಿ, ಸುಕ್ಕುಗಳಲ್ಲಿ ಬೆಳಕು ಎಲ್ಲಿ ಬೀಳುತ್ತದೆ; ಬೆರಳಲ್ಲಿ ಒತ್ತಿ, ಅಂಟುತ್ತದೆಯೇ; ಕಿವಿಯ ಹತ್ತಿರ ಹಿಡಿದು ಹೊರಳಿಸಿ; ಮೂಸಿದಾಗ ಬಾಯಲ್ಲಿ ನೀರೂರುತ್ತದೆಯೇ; ನಾಲಿಗೆಯ ಮೇಲಿಟ್ಟು ಕಚ್ಚದೆ ಸ್ವಲ್ಪ ಹೊತ್ತು ಇರಿ. ಪಾಯಸದಲ್ಲಿ ಹಿಡಿ ಹಿಡಿ ದ್ರಾಕ್ಷಿ ತಿಂದ ಎಪ್ಪತ್ತರ ಅಜ್ಜಿಯೊಬ್ಬರು ಇದನ್ನು ಮಾಡಿದ ಮೇಲೆ, ‘ಇದರ ಸಿಹಿಯ ಹಿಂದೆ ಇಷ್ಟು ಹುಳಿ ಇದೆ ಎಂದು ನನಗೆ ಗೊತ್ತೇ ಇರಲಿಲ್ಲ’ ಎಂದರು.

ಇನ್ನೊಂದು ಅಡ್ಡಿಯನ್ನೂ ಹೇಳಬೇಕು. ನಮ್ಮ ಮನೆಗಳಲ್ಲಿ ಮಕ್ಕಳು ಜೋರಾಗಿ ನಕ್ಕರೆ ‘ಬಹಳ ನಗಬೇಡಿ, ಆಮೇಲೆ ಅಳಬೇಕಾದೀತು’ ಎನ್ನುವ ಹಿರಿಯರು ಇರುತ್ತಾರೆ. ಸಂತೋಷಕ್ಕೆ ಹೆದರುವುದನ್ನು ನಾವು ಹಾಗೆ ಕಲಿತಿದ್ದೇವೆ. ಒಳ್ಳೆಯದೇನಾದರೂ ನಡೆದ ಕೂಡಲೇ ಮನಸ್ಸು ಮುಂದಿನ ಕೇಡನ್ನು ಹುಡುಕುತ್ತದೆ. ಆ ಹೆದರಿಕೆಯನ್ನೂ ಗಮನಿಸಿ. ಮಗಳ ಫೋನ್ ಬಂದ ಖುಷಿ, ಮಳೆ ನಿಂತ ಮೇಲಿನ ತಂಪು, ಬಿಸಿ ಕಾಫಿಯ ಮೊದಲ ಗುಟುಕು, ಇವುಗಳ ಜೊತೆ ಇನ್ನೂ ನಾಲ್ಕು ಉಸಿರಿನಷ್ಟು ಹೊತ್ತು ಇರಿ.

ಯಾರಾದರೂ ಎಚ್ಚರಿಕೆಯಿಂದಿರಬೇಕೇ?

ಇರಬೇಕು. 83 ಅಧ್ಯಯನಗಳನ್ನು ಪರಿಶೀಲಿಸಿ 2020ರಲ್ಲಿ ಪ್ರಕಟವಾದ ವರದಿಯ ಪ್ರಕಾರ ಧ್ಯಾನ ಮಾಡಿದವರಲ್ಲಿ ಸುಮಾರು ಶೇ. 8 ಮಂದಿಗೆ ಪ್ರತಿಕೂಲ ಅನುಭವಗಳಾಗಿದ್ದವು, ಮುಖ್ಯವಾಗಿ ಆತಂಕ ಮತ್ತು ಖಿನ್ನತೆ. ದೌರ್ಜನ್ಯ, ಅಪಘಾತ, ಹಿಂಸೆ ಕಂಡವರಿಗೆ ಕಣ್ಣು ಮುಚ್ಚಿ ಮೈಯೊಳಗೆ ಗಮನ ಹರಿಸಿದಾಗ ಹಳೆಯ ದೃಶ್ಯಗಳು ಧುತ್ತೆಂದು ಎದುರಾಗಬಹುದು. ಅಂಥವರು ಕಣ್ಣು ತೆರೆದೇ ಇರಲಿ. ಉಸಿರಿನ ಬದಲು ಪಾದಗಳನ್ನೋ ಹೊರಗಿನ ಸದ್ದುಗಳನ್ನೋ ಗಮನಿಸಲಿ. ತಡೆಯಲಾಗದೆ ಹೋದರೆ ನಿಲ್ಲಿಸಿ, ಎದ್ದು ಓಡಾಡಿ, ತಣ್ಣೀರಿನಲ್ಲಿ ಮುಖ ತೊಳೆಯಿರಿ. ನಿಲ್ಲಿಸುವುದು ಸೋಲಲ್ಲ. ಇಲ್ಲದ ಧ್ವನಿ ಕೇಳಿಸುವ ಕಾಯಿಲೆ, ತೀವ್ರ ಖಿನ್ನತೆ ಇರುವವರು ಮನೋವೈದ್ಯರನ್ನು ಕೇಳದೆ ಶುರು ಮಾಡಬೇಡಿ.

ಹತ್ತು ದಿನಗಳ ವಿಪಶ್ಯನ ಶಿಬಿರಕ್ಕೆ ಹೋಗಲೇ?

ಸತ್ಯನಾರಾಯಣ ಗೋಯೆಂಕಾ ಅವರು ಬರ್ಮಾದಿಂದ ತಂದು 1969ರಿಂದ ಭಾರತದಲ್ಲಿ ಕಲಿಸಿದ ಈ ಧ್ಯಾನದ ಕ್ರಮಕ್ಕೆ ಮಹಾರಾಷ್ಟ್ರದ ಇಗತಪುರಿ ದೊಡ್ಡ ಕೇಂದ್ರ. ಬೆಂಗಳೂರಿನ ಹೊರವಲಯದ ಆಲೂರಿನಲ್ಲೂ ಒಂದು ಇದೆ. ಶುಲ್ಕವಿಲ್ಲ. ಮಾತಿಲ್ಲ, ಫೋನಿಲ್ಲ, ಬೆಳಗಿನ ನಾಲ್ಕಕ್ಕೆ ಗಂಟೆ, ದಿನಕ್ಕೆ ಹತ್ತು ತಾಸಿನಷ್ಟು ಧ್ಯಾನ. ಗಟ್ಟಿಯಾದ ಅಭ್ಯಾಸ ಅದು, ಹಲವರಿಗೆ ಬಹಳ ಉಪಯೋಗವಾಗಿದೆ. ಆದರೆ ಗಾಯ ಇನ್ನೂ ಹಸಿಯಾಗಿರುವಾಗ ಮೊದಲ ಹೆಜ್ಜೆಯಾಗಿ ಅಲ್ಲಿಗೆ ಹೋಗಿ ಎಂದು ನಾನು ಹೇಳುವುದಿಲ್ಲ. ಅರ್ಜಿಯಲ್ಲಿ ಮಾನಸಿಕ ಆರೋಗ್ಯದ ಬಗ್ಗೆ ಕೇಳುತ್ತಾರೆ, ಏನನ್ನೂ ಮುಚ್ಚಿಡಬೇಡಿ.

ಮಕ್ಕಳಿಗೆ ಕಲಿಸಬಹುದೇ?

ಒತ್ತಾಯಿಸದಿದ್ದರೆ ಕಲಿಸಬಹುದು. ಬ್ರಿಟನ್ನಿನ 85 ಶಾಲೆಗಳಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಮಕ್ಕಳ ಮೇಲೆ ನಡೆದ ದೊಡ್ಡ ಪ್ರಯೋಗದ ಫಲಿತಾಂಶ 2022ರಲ್ಲಿ ಬಂತು. ತರಗತಿಗೆಲ್ಲ ಒಟ್ಟಿಗೆ ಪಾಠದಂತೆ ಕಲಿಸಿದ್ದರಿಂದ ಹೆಚ್ಚಿನ ಪ್ರಯೋಜನ ಕಾಣಲಿಲ್ಲ. ಬಹಳ ಮಕ್ಕಳು ಮನೆಯಲ್ಲಿ ಅಭ್ಯಾಸವನ್ನೇ ಮಾಡಿರಲಿಲ್ಲ. ಮಗು ಅಳುವಾಗ ‘ಅಳಬೇಡ, ಗಂಡುಹುಡುಗ ನೀನು’ ಎನ್ನುವ ಬದಲು ‘ಸಿಟ್ಟು ಬಂತಾ, ಬೇಜಾರಾಯಿತಾ?’ ಎಂದು ಕೇಳುವ ತಂದೆತಾಯಿ ಅರ್ಧ ಕೆಲಸ ಮಾಡಿದ ಹಾಗೆ.

ಆ್ಯಪ್ ಸಾಕಾಗುತ್ತದೆಯೇ?

ಶುರು ಮಾಡಲು ಸಾಕು. ನೋವು ದೊಡ್ಡದಿದ್ದರೆ ಮನುಷ್ಯರ ಜೊತೆ ಬೇಕು.

ಹಳ್ಳಿಯಲ್ಲಿದ್ದೇವೆ, ಹಣವೂ ಇಲ್ಲ. ಸಹಾಯ ಎಲ್ಲಿ ಸಿಗುತ್ತದೆ?

ಟೆಲಿ ಮಾನಸ್ ಸಹಾಯವಾಣಿ 14416. 2022ರ ಅಕ್ಟೋಬರ್‌ನಲ್ಲಿ ಶುರುವಾಯಿತು, ಉಚಿತ, ದಿನದ 24 ತಾಸೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಜಿಲ್ಲಾ ಆಸ್ಪತ್ರೆಯಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಡಿ ಮನೋವೈದ್ಯರನ್ನು ಕಾಣಬಹುದು. 1996ರಲ್ಲಿ ದೇಶದಲ್ಲಿ ಶುರುವಾದ ಈ ಕಾರ್ಯಕ್ರಮಕ್ಕೆ ಮಾದರಿಯಾಗಿದ್ದು ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ 1980ರ ದಶಕದಲ್ಲಿ ನಡೆಸಿದ ಪ್ರಯೋಗ. ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಮನಸ್ಸಿನ ಕಾಯಿಲೆಗೂ ಚಿಕಿತ್ಸೆ ಕೊಡಬಹುದು ಎಂದು ಅದು ತೋರಿಸಿತ್ತು.

ಕರೆ ಮಾಡಿದಾಗ ಮಾತು ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದಿದ್ದರೆ, ‘ಇಷ್ಟು ದಿನದಿಂದ ನಿದ್ರೆ ಸರಿಯಾಗಿ ಬರುತ್ತಿಲ್ಲ’ ಎಂದೋ ‘ಮನೆಯಲ್ಲಿ ಒಂದು ಸಾವಾಯಿತು’ ಎಂದೋ ಹೇಳಿ. ಮುಂದಿನ ಪ್ರಶ್ನೆಗಳನ್ನು ಅವರೇ ಕೇಳುತ್ತಾರೆ.